ನಿಮ್ಮ ಫೋಟೋಗಳು ಬಾಯಿಬಿಟ್ಟದ್ದಕ್ಕೆ ನನ್ನ ನಾದಿನಿಗೇಕೆ ಶಿಕ್ಷೆ?

ಮಾನ್ಯ ಕುಲಸಚಿವರೇ,

ನನ್ನ ನಾದಿನಿಗೆ ಬಾಯಿ ನಿಲ್ಲುವುದಿಲ್ಲ ಎಂದು ಈ ಭೂಮಿಯ ಮೇಲೆ ಲಿಖಿತವಾಗಿ ದೂರಿದ ಮೊದಲ ಮನುಷ್ಯರು ನೀವು. ನಿಮ್ಮ ಕಚೇರಿಯ ಗೋಪ್ಯ ಶಾಖೆಯಲ್ಲಿ ಸಹಾಯಕಿಯಾಗಿರುವ ಅವಳು, ಸಂಶೋಧನಾ ನಿರ್ದೇಶಕರಾಗಿ ಯಾರು ಬರುತ್ತಾರೆ ಎಂಬ ಗುಟ್ಟನ್ನು ಪ್ರಕಟಣೆಗೆ ಮೊದಲೇ ನನಗೆ ಹೇಳಿಬಿಟ್ಟಳೆಂದು ಅವಳನ್ನು ಅಮಾನತಿನಲ್ಲಿಟ್ಟಿದ್ದೀರಿ. ಅದೇ ಉತ್ಸಾಹದಲ್ಲಿ ನಮ್ಮ ವಿಚಾರಗೋಷ್ಠಿಯ ಕೋಣೆಗೂ ಬೀಗ ಜಡಿದಿದ್ದೀರಿ. ಅವಳು ನನಗೆ ಏನನ್ನೂ ಹೇಳಿಲ್ಲ. ಹೇಳಿದ್ದು ನೀವು, ಬಣ್ಣದ ಕಾಗದದಲ್ಲಿ ಅಚ್ಚುಹಾಕಿಸಿ, ಪ್ರತಿ ವಿಭಾಗಕ್ಕೂ ಉಚಿತವಾಗಿ ಕಳಿಸಿ. ಹೇಗೆ ಎಂಬುದನ್ನು ನಿಮ್ಮ ವಿಚಾರಣಾ ಸಮಿತಿಗೆ ವಿವರಿಸಲು ಹೋಗಿ ಸೋತಿದ್ದೇನೆ. ಹಾಗಾಗಿ ಈಗ ಊರಿಗೆಲ್ಲ ಕೇಳುವ ಹಾಗೆ ನಿಮಗೇ ಬರೆಯುತ್ತಿದ್ದೇನೆ.

ನಮ್ಮ ಗೋಷ್ಠಿಯ ಪೂರ್ಣ ಹೆಸರು ‘ಚೀನಾ ರಾಜಕೀಯದ ಸಂಖ್ಯಾತ್ಮಕ ಸಂಶೋಧನೆ’. ಈ ಹೆಸರು ಕೇಳಿದ ತಕ್ಷಣ ಜನ ಗಡಿಯಾರ ನೋಡಿಕೊಳ್ಳುತ್ತಾರೆ, ಗೊತ್ತು. ಆದರೆ ವಿಷಯ ಬಲು ಸರಳ. ಅಲ್ಲಿನ ಅಧಿಕಾರದ ಒಳಮನೆಯಲ್ಲಿ ಯಾರ ಕೈ ಮೇಲಾಯಿತು, ಯಾರದು ಕೆಳಗಾಯಿತು ಎಂದು ಹೊರಗಿನವರಿಗೆ ಯಾರೂ ಕರೆದು ಹೇಳುವುದಿಲ್ಲ. ಆದ್ದರಿಂದ ಸಂಶೋಧಕರು ಕಣ್ಣಿಗೆ ಕಂಡದ್ದನ್ನೇ ಎಣಿಸುತ್ತಾರೆ. ಸರ್ಕಾರಿ ಸುದ್ದಿಯಲ್ಲಿ ಹೆಸರುಗಳು ಯಾವ ಕ್ರಮದಲ್ಲಿ ಬಂದವು, ಸಭೆಯ ಫೋಟೋದಲ್ಲಿ ಯಾರು ಯಾರ ಪಕ್ಕ ಕೂತರು, ಹೋದ ವರ್ಷ ನಡುವೆ ಇದ್ದವರು ಈ ವರ್ಷ ಅಂಚಿಗೆ ಯಾಕೆ ಸರಿದರು. ಇದನ್ನೆಲ್ಲ ಅಂಕಿಯಾಗಿ ಬರೆದು, ಆಮೇಲೆ ಬಂದ ಬಡ್ತಿಗಳ ಜೊತೆ ತಾಳೆ ನೋಡುತ್ತಾರೆ. ಗಾಳಿಸುದ್ದಿಗೆ ಇಲ್ಲಿ ಜಾಗವಿಲ್ಲ. ‘ನನಗನ್ನಿಸುತ್ತೆ’ ಎಂದು ಯಾರಾದರೂ ಬಾಯಿ ತೆರೆದರೆ ಗೋಷ್ಠಿ ನಡೆಸುವ ನಮ್ಮ ಮೇಷ್ಟ್ರು ಅಲ್ಲೇ ತಡೆದು, ಅನ್ನಿಸಿದ್ದನ್ನು ಮನೆಯಲ್ಲಿ ಹೇಳಿ, ಅಳೆದದ್ದನ್ನು ಇಲ್ಲಿ ಹೇಳಿ ಅನ್ನುತ್ತಾರೆ.

ಈ ಗೋಷ್ಠಿಯನ್ನು ಉದ್ಘಾಟಿಸಿದವರು ಯಾರು? ತಾವೇ. ಅವತ್ತು ತಾವು ಆಡಿದ ಮಾತನ್ನು ನಾವ್ಯಾರೂ ಮರೆತಿಲ್ಲ. ಚೀನಾ ದೂರದ ದೇಶ, ಅದನ್ನು ಅಳೆದು ನಮಗೇನಾಗಬೇಕು, ನಿಮ್ಮ ವಿದ್ಯೆಯಿಂದ ನಮ್ಮ ವಿಶ್ವವಿದ್ಯಾಲಯಕ್ಕೂ ಏನಾದರೂ ಪ್ರಯೋಜನವಾಗಲಿ ಎಂದು ತಾವು ಬೆರಳೆತ್ತಿ ಅಪ್ಪಣೆ ಕೊಡಿಸಿದಿರಿ. ಚಪ್ಪಾಳೆಯೂ ಬಿತ್ತು. ಹಿರಿಯರ ಮಾತು ಮೀರುವ ಅಭ್ಯಾಸ ನಮಗಿಲ್ಲ. ಚೀನಾದ ಫೋಟೋಗಳಿಗೆ ಕೈ ಹಾಕುವ ಮುನ್ನ ಅಳತೆ ಪಳಗಲಿ ಎಂದು ನಾವು ನಮ್ಮದೇ ವಾರ್ತಾಪತ್ರಿಕೆಯನ್ನು ಎತ್ತಿಕೊಂಡೆವು. ಅದುವರೆಗೆ ಅದು ನಮ್ಮಲ್ಲಿ ಚಹಾ ಲೋಟದ ಕೆಳಗೆ ಹಾಸಲು ಬಳಕೆಯಾಗುತ್ತಿತ್ತು.

ಆ ವಾರ್ತಾಪತ್ರಿಕೆಯನ್ನು ತಾವು ಎಂದಾದರೂ ತೆರೆದು ನೋಡಿದ್ದೀರೋ ಇಲ್ಲವೋ, ಅದರಲ್ಲಿ ಸುದ್ದಿಗಿಂತ ಫೋಟೋ ಹೆಚ್ಚು. ಎಲ್ಲ ಫೋಟೋಗಳ ನಡುವೆಯೂ ಕುಲಪತಿಗಳು. ರಿಬ್ಬನ್ ಕತ್ತರಿಸುವ ಕುಲಪತಿಗಳು, ಹೊಸ ಲಿಫ್ಟಿನ ಗುಂಡಿ ಒತ್ತುವ ಕುಲಪತಿಗಳು, ಲಿಫ್ಟು ಬರಲೆಂದು ಕಾಯುವ ಕುಲಪತಿಗಳು. ಒಂದು ಫೋಟೋ ಹತ್ತಿರದ್ದು, ಇನ್ನೊಂದು ದೂರದ್ದು, ಹಾಗಾಗಿ ಅಡಿಕೋಲು ಇಟ್ಟು ನೇರವಾಗಿ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು. ಆಯಾ ಫೋಟೋದಲ್ಲಿ ಕುಲಪತಿಗಳ ಭುಜದಿಂದ ಭುಜಕ್ಕೆ ಎಷ್ಟಿದೆಯೋ ಅದೇ ಅಳತೆಗೋಲು. ಯಾರು ಅವರಿಂದ ಎಷ್ಟು ಭುಜ ದೂರ ನಿಂತಿದ್ದಾರೆ ಎಂದು ಇಬ್ಬರು ಬೇರೆ ಬೇರೆ ಕೂತು, ಒಬ್ಬರದನ್ನು ಇನ್ನೊಬ್ಬರು ನೋಡದೆ ಅಳೆಯಬೇಕು. ಒಬ್ಬಳು ನಾನು. ಹಗಲು ಕಾಲೇಜಿನಲ್ಲಿ ಲೆಕ್ಕ ಕಲಿಸುವವಳು. ಇನ್ನೊಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ. ಯಾವ ಅಂಕಿಯನ್ನೂ ಪೂರ್ಣಾಂಕದಲ್ಲಿ ಹೇಳಿ ಅಭ್ಯಾಸವಿಲ್ಲದ ಕಾರಣ ಗೋಷ್ಠಿಯಲ್ಲಿ ಅವರನ್ನು ‘ದಶಾಂಶ’ ಅಂತಲೇ ಕರೆಯುತ್ತಾರೆ.

ಮೊದಲ ಸಲ ನಮ್ಮ ಲೆಕ್ಕ ಏನು ಹೇಳಿತು ಗೊತ್ತೇ? ಆಗ ಖಾಲಿಯಿದ್ದ ಸಂಶೋಧನಾ ನಿರ್ದೇಶಕರ ಜಾಗಕ್ಕೆ ಬರುವವರು ವಿಶ್ವವಿದ್ಯಾಲಯದ ತೋಟದ ಮೇಲ್ವಿಚಾರಕರು ಎಂದು ಹೇಳಿತು. ನಗಬೇಡಿ. ಅಂಕಿಗಳ ಪ್ರಕಾರ ವರ್ಷವಿಡೀ ಕುಲಪತಿಗಳಿಗೆ ಅವರಷ್ಟು ಹತ್ತಿರ ನಿಂತವರು ಇನ್ನೊಬ್ಬರಿಲ್ಲ. ಕುಲಪತಿಗಳು ಸಸಿ ನೆಡುವ ಪ್ರತಿ ಫೋಟೋದಲ್ಲೂ ಆ ಮಹಾಶಯರು ನೀರಿನ ಕ್ಯಾನ್ ಹಿಡಿದು ಅರ್ಧ ಭುಜದ ಅಂತರದಲ್ಲಿ ಬಾಗಿ ನಿಂತಿದ್ದಾರೆ. ಇಡೀ ಗೋಷ್ಠಿ ಇದನ್ನು ಗಂಭೀರವಾಗಿ ಚರ್ಚಿಸಿ, ಅವರ ಶೈಕ್ಷಣಿಕ ಅರ್ಹತೆ ಏನಿರಬಹುದು ಎಂಬಲ್ಲಿಗೆ ಬಂದಾಗ ಮೇಷ್ಟ್ರು ತಲೆ ಚಚ್ಚಿಕೊಂಡರು. ಆಮೇಲೆ ಸಸಿ ನೆಡುವ ಫೋಟೋಗಳನ್ನೂ, ಮೈಕ್ ಸರಿಮಾಡುವವರನ್ನೂ, ಛತ್ರಿ ಹಿಡಿದವರನ್ನೂ ಲೆಕ್ಕದಿಂದ ಹೊರಗಿಟ್ಟೆವು. ಎರಡನೆಯ ಸಲ ಮಣ್ಣು ವಿಜ್ಞಾನದ ಪ್ರಾಧ್ಯಾಪಕರು ಮೇಲೆ ಬಂದರು. ಹೂಕುಂಡದ ಹಿಂದಿನಿಂದ ಶುರುಮಾಡಿ ಸಂಚಿಕೆಯಿಂದ ಸಂಚಿಕೆಗೆ ನಡುವಿನತ್ತ ಸರಿದು ಬಂದವರು ಅವರು. ಅಭ್ಯಾಸದ ಫಲಿತಾಂಶವೆಂದು ಈ ಅಂತರಗಳ ನಕ್ಷೆ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದೆವು. ಮುಂದಿನ ವಾರ ನೇಮಕದ ಆದೇಶ ಬಂತು. ಮಣ್ಣು ವಿಜ್ಞಾನದ ಪ್ರಾಧ್ಯಾಪಕರೇ.

ನಾವು ಮಕ್ಕಳ ಹಾಗೆ ಖುಷಿಪಟ್ಟೆವು. ನಿಮ್ಮ ಕಚೇರಿಯ ಮುಖ ಮಾತ್ರ ಕಪ್ಪಿಟ್ಟಿತು. ಗೋಷ್ಠಿಯ ಹೆಂಗಸೊಬ್ಬಳ ನಾದಿನಿ ಗೋಪ್ಯ ಶಾಖೆಯಲ್ಲಿದ್ದಾಳೆ, ಇಬ್ಬರದೂ ಒಂದೇ ಮನೆ ಎಂದು ಗೊತ್ತಾದ ಮೇಲೆ ತಮಗೆ ಬೇರೆ ಯೋಚನೆಯೇ ಬೇಕಾಗಲಿಲ್ಲ. ಇಬ್ಬರು ಹೆಂಗಸರು, ಒಂದು ಅಡುಗೆಮನೆ. ಇನ್ನೇನು ಮಾಡುತ್ತಾರೆ, ಪಿಸುಗುಡುತ್ತಾರೆ. ಇದು ತಮ್ಮ ಸಂಶೋಧನಾ ವಿಧಾನ.

ಮಾನ್ಯರೇ, ಮನೆಯ ಮಾತನ್ನು ಬೀದಿಗೆ ತರುವ ಇಚ್ಛೆ ನನಗಿರಲಿಲ್ಲ. ನೀವು ತರಿಸುತ್ತಿದ್ದೀರಿ. ಆ ಕಾಲಕ್ಕೆ ನಾನೂ ನನ್ನ ನಾದಿನಿಯೂ ಮಾತು ಬಿಟ್ಟಿದ್ದೆವು. ಕಾರಣ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ. ಅದರ ಯಾವ ಅರ್ಧ ಯಾರದು ಎಂಬ ಪ್ರಶ್ನೆ ಇವತ್ತಿಗೂ ಇತ್ಯರ್ಥವಾಗಿಲ್ಲ, ಆ ವಿವರ ಇಲ್ಲಿ ಬೇಡ. ಏನಾದರೂ ಹೇಳಲೇಬೇಕಾದರೆ ನನ್ನ ಯಜಮಾನರ ಮೂಲಕ ಹೇಳಿಸುತ್ತಿದ್ದೆವು. ಅವರಾದರೋ ಅಡುಗೆಮನೆಯಿಂದ ಹಾಲ್‌ಗೆ ಹೋಗುವಷ್ಟರಲ್ಲಿ ‘ಹಾಲು ಒಡೆದಿದೆ’ ಅನ್ನುವುದನ್ನು ‘ಲೋಟ ಒಡೆದಿದೆ’ ಮಾಡುವ ಪುಣ್ಯಾತ್ಮರು. ಅಂಥ ತಂತಿಯ ಮೇಲೆ ನಿಮ್ಮ ನೇಮಕದ ಗುಟ್ಟು ಹರಿದು ಬಂದಿದ್ದರೆ ಬಾಗಿಲ ಮೇಲೆ ಯಾರ ಹೆಸರು ಬೀಳುತ್ತಿತ್ತೋ ದೇವರೇ ಬಲ್ಲ.

ಇನ್ನು ಆ ಹುಡುಗಿಯ ಸ್ವಭಾವ. ತನ್ನ ಮದುವೆ ಮಾತುಕತೆ ಮುರಿದುಬಿದ್ದದ್ದನ್ನೇ ಅವಳು ನಮಗೆ ಹೇಳಲಿಲ್ಲ. ಗಂಡಿನ ಕಡೆಯವರು ಪೇಟೆಯಲ್ಲಿ ಸಿಕ್ಕಿ ಬೇರೆ ಕಡೆ ನಿಶ್ಚಯವಾಗಿದೆ ಎಂದಾಗಲೇ ನಮಗೆ ತಿಳಿದದ್ದು. ಕಚೇರಿಯಲ್ಲಿ ಇವತ್ತು ಏನು ವಿಶೇಷ ಎಂದು ಅವಳಣ್ಣ ಕೇಳಿದರೆ ‘ಫ್ಯಾನ್ ರಿಪೇರಿ ಆಯ್ತು’ ಅನ್ನುತ್ತಾಳೆ, ಅದೂ ಎರಡು ಸಲ ಯೋಚಿಸಿ. ಇಂಥವಳ ಬಾಯಿಂದ ಗುಟ್ಟು ಹೊರಟಿತು ಅನ್ನುವವರಿಗೆ ಏನು ಹೇಳಲಿ?

ನಿಮ್ಮ ವಿಚಾರಣಾ ಸಮಿತಿಯ ಮುಂದೆ ನಾನು ಹಳೆಯ ಸಂಚಿಕೆಗಳು, ಅಡಿಕೋಲು, ದಶಾಂಶ ಅವರು ಮತ್ತು ತೋಟದ ಮೇಲ್ವಿಚಾರಕರ ನಕ್ಷೆ ಎಲ್ಲವನ್ನೂ ಹೊತ್ತುಕೊಂಡು ಹೋದೆ. ಅಧ್ಯಕ್ಷರು ನಕ್ಷೆಯನ್ನು ಉಗುರಿನಿಂದ ಆಚೆ ತಳ್ಳಿ, “ಅದೆಲ್ಲ ಇರಲಿ ಕಣಮ್ಮ. ನಿಮಗೆ ಹೇಳಿದ್ದು ಯಾರು?” ಎಂದರು.

“ಯಾರೂ ಹೇಳಿಲ್ಲ ಸಾರ್, ಅಳೆದು ನೋಡಿದ್ವಿ.”

“ಅಳೆದ್ರೆ ಗೊತ್ತಾಗೋ ಹಾಗಿದ್ರೆ ನಮ್ಗೆ ಯಾಕೆ ಗೊತ್ತಾಗ್ಲಿಲ್ಲ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ನಾದಿನಿಯ ಕೆಲಸದ ಪ್ರಶ್ನೆಯೆಂದು ನುಂಗಿಕೊಂಡೆ. ಈಗ ಅವರಿಗಲ್ಲ, ನಿಮಗೆ ಕೇಳುತ್ತೇನೆ. ಗುಟ್ಟು ಒಳಗಿಂದಲೇ ಬಂದಿದ್ದರೆ ನಾವು ಮೊದಲು ತೋಟದ ಮೇಲ್ವಿಚಾರಕರನ್ನು ನಿರ್ದೇಶಕರನ್ನಾಗಿ ಮಾಡಲು ಹೊರಡುತ್ತಿದ್ದೆವೇ? ಕದ್ದು ತಂದ ಉತ್ತರಕ್ಕೆ ಹಾಗೆ ಎಡವುವ ಕಷ್ಟ ಏಕೆ? ನಮ್ಮ ತಪ್ಪೇ ಅವಳ ನಿರಪರಾಧಿತ್ವಕ್ಕೆ ಸಾಕ್ಷಿ. ಅದನ್ನು ಸಮಿತಿಯ ವರದಿಯಲ್ಲಿ ‘ಅಪ್ರಸ್ತುತ’ ಎಂದು ಒಂದೇ ಪದದಲ್ಲಿ ಹೊಡೆದು ಹಾಕಿದ್ದಾರೆ. ನೀವು ಕೆಳಗೆ ಸಹಿ ಹಾಕಿದ್ದೀರಿ.

ಈಗ ಅವಳು ಮನೆಯಲ್ಲಿದ್ದಾಳೆ. ಬೆಳಿಗ್ಗೆ ಕಚೇರಿಗೆ ಹೋಗುವ ಹೊತ್ತಿಗೆ ಸರಿಯಾಗಿ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂರುತ್ತಾಳೆ. ಸುಮ್ಮನಿರಲಾರದೆ ನನ್ನ ಡಬ್ಬಿಗಳನ್ನೆಲ್ಲ ಕ್ರಮಸಂಖ್ಯೆ ಹಾಕಿ ಜೋಡಿಸಿದ್ದಾಳೆ. ಸಕ್ಕರೆ ಎಲ್ಲಿದೆ ಎಂದು ನಾನು ಹುಡುಕಬೇಕು, ಕೇಳಿದರೂ ಬೇಗ ಹೇಳುವುದಿಲ್ಲ. ಪಕ್ಕದ ಮನೆಯವರು ರಜೆಯೇ ಎಂದು ಕೇಳಿದಾಗ ಹೂಂ ಅಂದು ಒಳಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿ ಅತ್ತಳು. ನಲ್ಲಿಯ ಸದ್ದು ನಿಂತ ಮೇಲೂ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮಾನ್ಯರೇ, ಅವಳ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಅವಳನ್ನು ಅಳಿಸುವ ಹಕ್ಕು ನಾನು ಯಾರಿಗೂ ಕೊಟ್ಟಿಲ್ಲ. ಹಗ್ಗವನ್ನು ಪೂರ್ತಿ ಅವಳಿಗೇ ಬಿಟ್ಟುಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

ಅವಳು ತಪ್ಪು ಮಾಡಿಲ್ಲವೆಂದು ತೋರಿಸಲು ನಮಗೆ ಉಳಿದ ದಾರಿ ಒಂದೇ. ಅವಳು ಕಚೇರಿಯೊಳಗೆ ಕಾಲಿಡಲಾಗದ ಈ ಹೊತ್ತಿನಲ್ಲಿ ಇನ್ನೊಂದು ಸಲ ಅಳೆದು, ಮುಂದಾಗುವುದನ್ನು ಮೊದಲೇ ಹೇಳುವುದು. ಕೋಣೆಗೆ ಬೀಗ ಬಿದ್ದಿದೆ, ಹಾಗಾಗಿ ನಮ್ಮ ಊಟದ ಮೇಜಿನ ಮೇಲೆಯೇ ಮೊನ್ನೆ ಮೊನ್ನೆಯ ಸಂಚಿಕೆಗಳನ್ನು ಹರಡಿಕೊಂಡೆವು. ಈ ಸಲ ಯಾರು ಹತ್ತಿರ ಬಂದರು ಎಂದಲ್ಲ, ಯಾರು ದೂರ ಸರಿದರು ಎಂದು ಅಳೆದೆವು. ನಾನೂ ದಶಾಂಶ ಅವರೂ ಬೇರೆ ಬೇರೆ ಕೂತು ಬರೆದ ಉತ್ತರ ಒಂದೇ ಆಯಿತು. ದಶಾಂಶ ಅವರು ತಮ್ಮ ಕನ್ನಡಕ ಒರೆಸಿಕೊಂಡರು. ನಕ್ಷೆಯನ್ನು ಗ್ರಂಥಾಲಯದ ಬಾಗಿಲಿಗೇ ಅಂಟಿಸುತ್ತೇನೆಂದು ನಾನು ಎದ್ದೆ.

ಆಗ ನಾದಿನಿ ಒಳಗಿನಿಂದ ಬಂದು ನಕ್ಷೆಯನ್ನು ನೋಡಿದಳು. ಏನೇ, ನಿಜವೇ ಎಂದು ಕೇಳಿದೆ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

“ನಂಗೆ ಗೊತ್ತಿಲ್ಲ ಅತ್ತಿಗೆ. ಗೊತ್ತಿದ್ರೂ ಹೇಳ್ತಿರ್ಲಿಲ್ಲ,” ಎಂದಳು. ನಕ್ಷೆಯನ್ನು ನನ್ನ ಕೈಗೇ ವಾಪಸು ಕೊಟ್ಟು, “ಆದ್ರೆ ಇದನ್ನ ಅಂಟಿಸ್ಬೇಡಿ. ಅವ್ರಿಗೂ ಮನೇಲಿ ಹೆಂಡ್ತಿ ಮಕ್ಳಿದಾರೆ. ಬೀದೀಲಿ ಓದಿ ತಿಳ್ಕೊಳ್ಳೋ ವಿಷ್ಯ ಅಲ್ಲ ಅದು,” ಎಂದಳು.

ಅವಳನ್ನು ಹೊರಗೆ ಹಾಕಿದವರ ಬಗ್ಗೆ ಅವಳು ಆಡಿದ ಮಾತಿದು. ಅದಕ್ಕೇ ನಕ್ಷೆ ಮಡಿಚಿ ನನ್ನ ಬೀರುವಿನಲ್ಲಿಟ್ಟಿದ್ದೇನೆ. ಅದರಲ್ಲೇನಿದೆ ಎಂದು ನಾನು ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ತಾವೇ ಬಿಡುವು ಮಾಡಿಕೊಂಡು ಇತ್ತೀಚಿನ ಸಂಚಿಕೆಗಳನ್ನು ತೆರೆದು ತಮ್ಮನ್ನು ತಾವು ಹುಡುಕಿಕೊಳ್ಳಿ ಎಂದಷ್ಟೇ ವಿನಂತಿಸುತ್ತೇನೆ. ವರ್ಷದ ಮೊದಲಲ್ಲಿ ಸುಲಭವಾಗಿ ಸಿಗುತ್ತೀರಿ, ಕುಲಪತಿಗಳ ಬಲಕ್ಕೇ ಇದ್ದೀರಿ. ಬರುಬರುತ್ತಾ ಹುಡುಕಬೇಕಾಗುತ್ತದೆ. ಕೊನೆಯ ಸಂಚಿಕೆಯಲ್ಲಿ ತಮ್ಮ ಒಂದು ಮೊಣಕೈ ಮಾತ್ರ ಫೋಟೋದೊಳಗಿದೆ. ಕೈಗಡಿಯಾರದಿಂದ ಗುರುತು ಹಿಡಿದೆವು. ತಮ್ಮ ಹಳೆಯ ಜಾಗದಲ್ಲಿ ಈಗ ನಗುನಗುತ್ತಾ ನಿಂತಿರುವವರು ಯಾರೆಂಬುದನ್ನೂ ದಯವಿಟ್ಟು ನೋಡಿ. ತಾವು ಕಣ್ಣು ಮುಚ್ಚಿ ಸಹಿ ಹಾಕಿದ ವರದಿಯನ್ನು ಬರೆದ ಸಮಿತಿಯ ಅಧ್ಯಕ್ಷರು ಅವರೇ.

ನಮ್ಮ ಲೆಕ್ಕ ಮತ್ತೊಮ್ಮೆ ತೋಟದ ಮೇಲ್ವಿಚಾರಕರ ದಾರಿ ಹಿಡಿದಿರಬಹುದು. ಹಿಡಿದಿರಲಿ ಎಂದೇ ನನ್ನ ಹಾರೈಕೆ. ಆದರೆ ನನ್ನ ಬೇಡಿಕೆ ಅದಕ್ಕೆ ಕಾಯುವುದಿಲ್ಲ. ಈ ವಾರವೇ ನನ್ನ ನಾದಿನಿಯ ಅಮಾನತನ್ನು ರದ್ದು ಮಾಡಿ, ಗೋಷ್ಠಿಯ ಕೋಣೆಯ ಬೀಗ ತೆಗೆಸಿ. ಮುಂದೆ ಬರುವವರು ಅವಳನ್ನು ಕರೆಸಿಕೊಂಡರೆ ಅದು ಅವರ ದೊಡ್ಡತನವೆಂದು ಜನ ಹೇಳುತ್ತಾರೆ, ಆ ಹೆಸರು ತಮಗೇ ಬರಲಿ. ಅವಳನ್ನು ಅವಳ ಮೇಜಿಗೆ ವಾಪಸು ಕರೆಸಿಕೊಳ್ಳುವುದರಲ್ಲಿ ತಮ್ಮ ಸ್ವಂತದ ಹಿತವೂ ಇದೆ. ತಮ್ಮ ಹೆಸರಿನ ಕಡತವೊಂದು ಆ ಶಾಖೆಗೆ ಬರುವ ದಿನ ಬಂದೇಬಂದರೆ, ಅದನ್ನು ಓದಿ, ಕಟ್ಟಿ, ಒಳಗಿಟ್ಟು, ಕಾರಿಡಾರಿನಲ್ಲಿ ತಾವು ಎದುರಾದಾಗ ಎಂದಿನಂತೆ ನಮಸ್ಕಾರ ಹೇಳಿ, ಯಾರ ಹತ್ತಿರವೂ ತುಟಿ ಬಿಚ್ಚದೆ ಮನೆಗೆ ಬರುವವಳು ಆ ಇಡೀ ಕಟ್ಟಡದಲ್ಲಿ ಅವಳೊಬ್ಬಳೇ.

ಇಂತಿ,
ತಮ್ಮ ವಾರ್ತಾಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ನೋಡಿ ಕೆಟ್ಟ,
ಬಹುಶಃ ಏಕೈಕ ಓದುಗಿ