ಶೇರ್ವಾನಿಯ ಏಳು ಗುಂಡಿ

ಜನವರಿ 20, ಸೋಮವಾರ. ಕಮಲಾಪುರ

ಶೇರ್ವಾನಿಯ ಎಡಪಟ್ಟಿಯಲ್ಲಿ ಗುಂಡಿ ತೂರುವ ಏಳನೆಯ ಕಾಜಾ ಮುಗಿಸಿ ದಾರ ಹಲ್ಲಲ್ಲಿ ಕಡಿಯುತ್ತಿದ್ದೆ. ಹಮೀದನ ಫೋನು.

"ಮೌಶಿ, ಕಾಜಾ ಗೀಜಾ ಬ್ಯಾಡ್ರಿ. ವೆಲ್ಕ್ರೋ ಹಚ್ಚಿಬಿಡ್ರಿ. ಅಬ್ಬಾಗ ನಾನೇ ತೊಡಸ್ತೀನಿ. ಒಂದು ಸಲ ಒತ್ತಿದ್ರ ಮುಗೀತು."

ವೆಲ್ಕ್ರೋ! ಎಲವೋ ಹಮೀದಾ! ನಿನ್ನ ಅಪ್ಪ ನಬಿಸಾಬ್ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ರಾಜನಾಗಿ ಮೆರೆದವನು. ಅವನ ಎದೆಯ ಮೇಲೆ ಮಕ್ಕಳ ಬೂಟಿನ ಪಟ್ಟಿಯೇ? ಫೋನಿನಲ್ಲೇ ಕೇಳಿದೆ. ಪಕ್ಕದ ಮೂರು ಮನೆಯವರು ಬಾಗಿಲು ತೆರೆದು ನೋಡಿದರು. ನೋಡಲಿ.

ಹೋದ ದೀಪಾವಳಿಗೆ ಲಕ್ವಾ ಹೊಡೆದು ನಬಿಸಾಬ್‌ನ ಬಲಗೈ ಬಿದ್ದುಹೋಗಿದೆ. ಎಡಗೈ ಒಂದೇ ಆಧಾರ. ಫೆಬ್ರವರಿ 9ಕ್ಕೆ ಮೊಮ್ಮಗಳು ಅಫ್ಶೀನ್‌ಳ ನಿಕಾಹ್. ಅವನ ಶರತ್ತು ಒಂದೇ — "ಗುಂಡಿ ನಾನೇ ಹಾಕ್ಕೊಂಡ್ರ ಬರ್ತೀನಿ. ಕೂಸಿನಂಗ ತೊಡಿಸಿಕೊಂಡು ಮಂದಿ ಮುಂದ ನಿಲ್ಲಂಗಿಲ್ಲ."

ಕಂಪನಿಯಲ್ಲಿ ಅವನ ರಾಣಿಯೂ ನಾನೇ, ಅವನ ಕೋಟು ಹೊಲಿದವಳೂ ನಾನೇ. ಈಗ ಬೇರೆ ಯಾರು ಹೊಲಿಯಬೇಕು?

ಜನವರಿ 23, ಗುರುವಾರ. ಸಂಜೆ

ಕಲಬುರಗಿಗೆ ಹೋಗಿ ಬಂದೆ. ಮೈಯೆಲ್ಲ ಉರಿ.

ದೌಲಪ್ಪನ ಗುಂಡಿ ಅಂಗಡಿ. ಮುಂದಿಟ್ಟದ್ದು ಪ್ಲಾಸ್ಟಿಕ್ಕಿನ ಬಂಗಾರ ಬಣ್ಣದ ಗುಂಡಿ. ಗೋಲಿಯ ಹಾಗೆ ಉಬ್ಬು, ಎಣ್ಣೆ ಸವರಿದಂತೆ ನುಣುಪು.

"ಈಗ ಇದೇ ನಡೀತದ್ರಿ ಬಾಯಾರ. ಮದುಮಕ್ಳು ಇದನ್ನೇ ಒಯ್ತಾರ."

"ಉಗುರಿಗೆ ಸಿಗದ ಗುಂಡಿ ಒಂದು ಗುಂಡಿಯೇನೋ!"

"ಸಾವಕಾಶ್ರಿ. ಇದು ಥೇಟರ್ ಅಲ್ಲ, ದುಕಾನು."

"ದುಕಾನಾದ್ರ ಸಾಮಾನು ತೋರ್ಸು!"

ಕೊನೆಗೆ ಕೆಳಗಿನ ಡಬ್ಬಿಯಿಂದ ಕರೀ ಕಟ್ಟಿಗೆಯ ಗುಂಡಿ ತೆಗೆದ. ಚಪ್ಪಟೆ. ಸುತ್ತ ಎದ್ದ ಅಂಚು. ಹೆಬ್ಬೆಟ್ಟು ಜಾರುವುದಿಲ್ಲ. ಇದನ್ನು ಮೊದಲೇ ತೋರಿಸಲು ಏನು ಧಾಡಿ?

ಅಲ್ಲಿಂದ ಮೋಮಿನಪುರಕ್ಕೆ, ನಬಿಸಾಬ್‌ನ ಮನೆಗೆ. ಅವನ ಮುಂದೆಯೇ ಕೂತು ಬಲಪಟ್ಟಿಗೆ ಗುಂಡಿ ಹಚ್ಚಿ ತೊಡಿಸಿದೆ. ನಬಿಸಾಬ್ ಎಡಗೈ ಎದೆಯ ಆಚೆಗೆ ದಾಟಿಸಿದ. ಮಣಿಕಟ್ಟು ತಿರುಚಿತು. ಗುಂಡಿ ಸಿಕ್ಕರೆ ಕಾಜಾ ಓಡುತ್ತದೆ, ಕಾಜಾ ಸಿಕ್ಕರೆ ಗುಂಡಿ. ಹತ್ತು ನಿಮಿಷ. ಹಣೆಯೆಲ್ಲ ಬೆವರು. ಸೊಸೆ ಮೆಹರೀನ್ ಕೈ ಚಾಚಿದಳು, ತಳ್ಳಿಬಿಟ್ಟ.

"ಒಯ್ಯಿ ಇದನ್ನ. ನಾ ನಿಕಾಹ್‌ಕ್ಕ ಬರಂಗಿಲ್ಲ. ಅಫ್ಶೀನ್‌ಗ ಹೇಳ್ರಿ."

ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟುತ್ತಿದ್ದ ಕಂಠ — ಮಂಚದ ಕಾಲಿಗೂ ಮುಟ್ಟಲಿಲ್ಲ.

ಬಸ್ಸಿನ ತುಂಬ ಬೈದುಕೊಂಡೇ ಬಂದೆ. "ಯಾರ ಜೋಡಿ ಜಗಳ್ರಿ ಬಾಯಾರ?" ಅಂದ ಕಂಡಕ್ಟರು.

"ಶೇರ್ವಾನಿ ಜೋಡಿ!"

ಜನವರಿ 24. ಬೆಳಿಗ್ಗೆ 7

ಥಂಡಿ. ನಿದ್ದೆಯಿಲ್ಲ. ಟವೆಲಿನಿಂದ ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡೆ. ಶೇರ್ವಾನಿ ತೊಟ್ಟು ನೋಡಿದೆ. ನನಗೂ ಆಗಲಿಲ್ಲ. ಒಂದೂ ಆಗಲಿಲ್ಲ! ಕಿತ್ತು ಒಗೆದು ನನ್ನ ಸ್ವೆಟರ್ ಹಾಕಿಕೊಂಡೆ, ಗುಂಡಿಯನ್ನೂ ಹಾಕಿದೆ. ಚಹಾಕ್ಕೆ ನೀರಿಟ್ಟ ಮೇಲೆ ನೋಡುತ್ತೇನೆ... ಬಲಗೈ ಇನ್ನೂ ಕಟ್ಟಿಯೇ ಇದೆ!

ಹೆಂಗಸರ ಸ್ವೆಟರಿನ ಗುಂಡಿ ಎಡಕ್ಕೆ, ಕಾಜಾ ಬಲಕ್ಕೆ. ಎಡಗೈ ನೆಟ್ಟಗೆ ಗುಂಡಿಯ ಮೇಲೇ ಇಳಿಯುತ್ತದೆ. ಗಂಡಸರದ್ದು ಉಲ್ಟಾ. ಗಂಡಸಿಗೆ ಬಲಗೈ ಯಾವತ್ತೂ ಇರುತ್ತದೆ ಎಂದು ತೀರ್ಮಾನ ಕೊಟ್ಟ ಪುಣ್ಯಾತ್ಮ ಯಾರು? ಎದುರಿಗೆ ಬರಲಿ!

ಮತ್ತೆ ಹೊಳೆಯಿತು. ನಬಿಸಾಬ್‌ನ ಎಡಗೈ ಇದನ್ನು ಬಲ್ಲದು. ನಾನು ಕಂಪನಿ ಸೇರುವ ಮೊದಲು ಸ್ತ್ರೀ ಪಾರ್ಟು ಅವನದೇ. ಆರು ವರ್ಷ ರಾಣಿಯ ಜಾಕೀಟು ತೊಟ್ಟವನು. ನಾನು ಬಂದೆ, ಆ ಪಾರ್ಟು ನನಗೆ ಬಂತು, ಅವನು ರಾಜನಾದ. ಅಂದಿನಿಂದ ಆ ಮಾತು ಯಾರೂ ಎತ್ತುವ ಹಾಗಿಲ್ಲ. ಫೋಟೋಗಳನ್ನೂ ತಾನೇ ಹರಿದು ಹಾಕಿದ.

ಅದಿರಲಿ. ಎಡಪಟ್ಟಿಯಲ್ಲಿ ಏಳು ಕಾಜಾ ಕತ್ತರಿಸಿ ಕೂತಿದ್ದೇನಲ್ಲ! ಯಾರ ಕತ್ತರಿ? ನನ್ನದೇ. ಬೈಯಲು ಇನ್ನೊಬ್ಬರಿಲ್ಲ.

ಫೆಬ್ರವರಿ 3, ಸೋಮವಾರ

ಹತ್ತು ದಿನ ಸೂಜಿ ಬಿಟ್ಟರೆ ಬೇರೆ ಹಿಡಿದಿಲ್ಲ. ಹಳೆಯ ಕಾಜಾ ಹೊಲಿದು ಮುಚ್ಚಿದೆ, ಅವುಗಳ ಮೇಲೆಯೇ ಗುಂಡಿ. ಗಾಯ ಕಾಣುವುದಿಲ್ಲ. ಬಲಪಟ್ಟಿಗೆ ಹೊಸ ಕಾಜಾ, ಅಡ್ಡಡ್ಡ, ಗುಂಡಿಗಿಂತ ಒಂದು ಗೋಧಿಕಾಳಷ್ಟು ಉದ್ದ. ಗುಂಡಿಯ ಬುಡಕ್ಕೆ ದಾರ ಸುತ್ತಿ ಕುತ್ತಿಗೆ ಎತ್ತರಿಸಿದ್ದೇನೆ, ಬೆರಳು ಕೆಳಗೆ ನುಸುಳಲಿ ಎಂದು.

ಒಯ್ಯಲು ಬಂದ ಹಮೀದ್ ಬಿಚ್ಚಿ ನೋಡಿದ.

"ಮೌಶಿ! ಇದು ಹೆಂಗಸ್ರ ಕಡಿ ಆತಲ್ರಿ! ಬೀಗರು ನಗ್ತಾರ."

"ನಗ್ಲಿ! ನಕ್ಕವರ ಬಲಗೈ ಕಟ್ಟಿ ಗುಂಡಿ ಹಾಕ್ಕೋ ಅಂತೀನಿ!"

"ಅವರು ಹೋಗ್ಲಿ. ಅಬ್ಬಾ ನೋಡಿದ್ರ ಹರಿದು ಒಗೀತಾರ."

ಶೇರ್ವಾನಿ ಕಸಿದುಕೊಂಡೆ. ನಿಕಾಹ್ ದಿನ ನಾನೇ ತರುತ್ತೇನೆ ಎಂದು ಕಳಿಸಿದೆ.

ಫೆಬ್ರವರಿ 9, ರವಿವಾರ. ಮೋಮಿನಪುರ. ಬೆಳಿಗ್ಗೆ 10.30

ಗಾಡಿ ಬರಲು ಹತ್ತು ನಿಮಿಷ. ಅಫ್ಶೀನ್‌ಳ ಕೋಣೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬರಂಗಿಲ್ಲ ಅಂದಿದ್ದವನನ್ನು ಕಾಡಿ ಬೇಡಿ ಶೇರ್ವಾನಿಯ ತೋಳು ತೊಡಿಸಿದೆ. ನಬಿಸಾಬ್ ಗುಂಡಿ ನೋಡಿದ. ಆಮೇಲೆ ನನ್ನನ್ನು.

"ಯಾವ ಕಡಿ ಹಚ್ಚೀ ಇದನ್ನ?"

"ನನ್ನ ಕೇಳಬ್ಯಾಡ. ನಿನ್ನ ಎಡಗೈಗೆ ಕೇಳು."

ಹರಿಯುತ್ತಾನೆ ಅಂದುಕೊಂಡೆ. ಹರಿಯಲಿ, ನಾನೂ ಸುಮ್ಮನಿರುವವಳಲ್ಲ ಎಂದು ಉಸಿರು ಎಳೆದುಕೊಂಡೆ.

ಕಣ್ಣು ಮುಚ್ಚಿದ. ಎಡಗೈ ತಾನಾಗಿಯೇ ಎದ್ದಿತು. ಒಂದು ಕೂತಿತು. ಎರಡು. ಕಿರುಬೆರಳು ಸ್ವಲ್ಪ ಮೇಲಕ್ಕೆ — ರಾಣಿ ಎತ್ತುತ್ತಿದ್ದ ಹಾಗೇ! ಐದು. ಆರು. ಏಳನೆಯದು ಕೊರಳ ಹತ್ತಿರ, ಎರಡು ಸಲ ಜಾರಿತು. ತಡೆಯದೆ ಕೈ ಮುಂದೆ ಮಾಡಿದೆ.

"ಕೈ ತಗಿ, ಕಸ್ತೂರಿ!"

ಗೋಡೆ ನಡುಗಿತು. ಅದೇ ಕಂಠ!

"ಆ ಪಾರ್ಟೆಲ್ಲಾ ನಿನಗ ಬಿಟ್ಟುಕೊಟ್ಟೀನಿ. ಇದನ್ನ ಬಿಡಂಗಿಲ್ಲ."

ಹೆಬ್ಬೆಟ್ಟು ಒತ್ತಿತು. ಕೂತಿತು.

ಬಾಗಿಲಲ್ಲಿ ಹಮೀದ್ ಬಾಯಿ ತೆರೆದುಕೊಂಡು ನಿಂತಿದ್ದ. ಅವನಿಗೆಂದೇ ಇಪ್ಪತ್ತು ದಿನದಿಂದ ಮಾತು ಕಟ್ಟಿಟ್ಟಿದ್ದೆ. 'ಎಲವೋ ವೆಲ್ಕ್ರೋ ವೀರಾ' ಎಂದು ಶುರು. ಎದ್ದು ನಿಂತೆ, ಕೈ ಎತ್ತಿದೆ, ಆದರೆ ಆ ಮಾತಿನ ಬದಲು ನಬಿಸಾಬ್‌ಗೆ ಚಪ್ಪಾಳೆ ಹೊಡೆದುಬಿಟ್ಟೆ.