ಬೀಟು ನಿಂತ ಜಾಗ

ನಾಗಮಂಗಲ

ಶ್ರೀರಂಗಪಟ್ಟಣದ ತೌಸಿಫಣ್ಣನಿಗೆ,

ನಿಮ್ಮ ಹೊಸ ರೀಮಿಕ್ಸ್ ಕೇಳಿದೆ. ರಘುವಣ್ಣ ತೀರಿಕೊಂಡನೆಂದು ಅವನ ದನಿಯನ್ನು ತೆಗೆದಿದ್ದೀರಿ. ದಯವಿಟ್ಟು ಮತ್ತೆ ಸೇರಿಸಿ.

ನೆನಪಿದೆಯಲ್ಲ, ನೀವಿಬ್ಬರೂ ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡುವಾಗ ಅವ್ವ ಊಟಕ್ಕೆ ಕೂಗಿದ್ದಳು. "ಬಂದೆ ಇರವ್ವ" ಎಂದ ಅಣ್ಣನ ಮಾತು ಮೈಕಿಗೆ ಸಿಕ್ಕಿತ್ತು. ಅವ್ವನ ಕೂಗನ್ನು ಕತ್ತರಿಸಿ, ಬೀಟು ನಿಲ್ಲುವ ಜಾಗದಲ್ಲಿ ಅವನ ಮಾತನ್ನಷ್ಟೇ ಇಟ್ಟಿರಿ. ಅದು ಬಂದಾಗಲೇ ಹುಡುಗರು ಕುಣಿಯುತ್ತಿದ್ದುದು.

ಮೊನ್ನೆ ಮದುವೆ ಮೆರವಣಿಗೆಯ ಡಿಜೆ ಗಾಡಿಯಲ್ಲಿ ಹೊಸದನ್ನೇ ಹಾಕಿದ್ದರು. ಅವ್ವ ಎಂದಿನಂತೆ ಜಗಲಿಗೆ ಬಂದು ನಿಂತಳು. ಬೀಟು ನಿಂತಿತು, ದನಿ ಬರಲಿಲ್ಲ. "ಇವತ್ತು ಓಗೊಡ್ನಿಲ್ಲ ಕಣೆ" ಎಂದು ಒಳಗೆ ಹೋದಳು.

ಸಾಧ್ಯವಾದರೆ ಅವಳ ಕೂಗನ್ನೂ ಸೇರಿಸಿ. ಅಣ್ಣ ಯಾರಿಗೆ ಓಗೊಟ್ಟನೆಂದು ಕುಣಿಯುವವರಿಗೂ ತಿಳಿಯಲಿ.

ರಘುವಿನ ತಂಗಿ,
ಅನು