ನನ್ನ ಅಪ್ಪನ ಮನರಂಜನೆಯ ಬಿಲ್ಲು

ದೂರವಾಣಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಅಪ್ಪ ಎರಡು ತಿಂಗಳಲ್ಲಿ ಒಂಬತ್ತು ಗಂಟೆ ನಲವತ್ತು ನಿಮಿಷ ಮನರಂಜನೆ ಪಡೆದಿದ್ದಾರೆ ಎಂದು ನೀವು ಬಿಲ್ಲು ಕಳುಹಿಸಿದ್ದೀರಿ. ಈ ಸಂತೋಷದ ಸುದ್ದಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಯಾವಾಗಲೂ ಬರುವ ಮೊತ್ತದ ಹದಿಮೂರು ಪಟ್ಟು, ಅದರ ಎದುರಿಗೆ ‘ಮನರಂಜನಾ ಸೇವೆ’ ಎಂಬ ಎರಡು ಪದ. ಹದಿನೈದು ದಿನದೊಳಗೆ ಕಟ್ಟದಿದ್ದರೆ ಲೈನ್ ಕತ್ತರಿಸುತ್ತೇವೆ ಎಂದು ಕೆಂಪು ಅಕ್ಷರದಲ್ಲಿ ಬೇರೆ ಬರೆದಿದ್ದೀರಿ. ಕತ್ತರಿಸುವುದಕ್ಕೆ ಲೈನ್ ಇರಬೇಕಲ್ಲವೇ? ಈ ಪತ್ರ ಬರೆಯುವ ಹೊತ್ತಿಗೆ ಅದು ಸತ್ತು ನಾಲ್ಕು ದಿನವಾಗಿದೆ.

ಬಿಲ್ಲು ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ. ಕೌಂಟರಿನ ಗುಮಾಸ್ತರು ನಂಬರ್ ನೋಡಿ ಮುಗುಳ್ನಕ್ಕರು. “ಇದು ಹೆಂಗಸಿನ ದನಿ ಬರೋ ನಂಬರಮ್ಮ. ದಿನಾ ಬೆಳಗ್ಗೆ ಎದ್ದು ಮಾಡಿದ್ದಾರೆ. ನಿಮ್ಮಪ್ಪನ್ನೇ ಕೇಳಿ, ವಿಷಯ ಗೊತ್ತಾಗುತ್ತೆ” ಎಂದರು. ನನ್ನ ಹಿಂದೆ ನಿಂತಿದ್ದವರೊಬ್ಬರು, “ವಯಸ್ಸಾದ್ಮೇಲೆ ಚಪಲ ಜಾಸ್ತಿ ಬಿಡಿ ಸಾರ್” ಎಂದರು. ಸಾಲಿಗೆ ಸಾಲೇ ನಕ್ಕಿತು. ನನಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ. ಬಿಲ್ಲನ್ನು ಮಡಚಿಕೊಂಡು ಮನೆಗೆ ಬಂದೆ. ಕೊಡಬೇಕಾಗಿದ್ದ ಉತ್ತರಗಳು ದಾರಿಯುದ್ದಕ್ಕೂ ಒಂದೊಂದಾಗಿ ಹೊಳೆದವು. ಅವೇ ಈ ಪತ್ರ. ನಾನು ಓದಿದ್ದು ಐದನೇ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಪೂರ್ತಿ ಓದಿ.

ಅಪ್ಪನದು ಗಡಿಯಾರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಗೋಡೆಯ ನಡುವೆ ಒಂದು ಲೋಲಕದ ಗಡಿಯಾರವಿದೆ. ನಾವು ಅದಕ್ಕೆ ‘ಮೇಷ್ಟ್ರು’ ಎನ್ನುತ್ತೇವೆ, ಏಕೆಂದರೆ ಉಳಿದ ಗಡಿಯಾರಗಳೆಲ್ಲ ಅದರಿಂದ ಪಾಠ ಹೇಳಿಸಿಕೊಳ್ಳಬೇಕು. ಮೇಷ್ಟ್ರಿಗೆ ಪಾಠ ಹೇಳುವವರು ಯಾರು? ನೀವು. ಇಪ್ಪತ್ತೆರಡು ವರ್ಷದಿಂದ ಅಪ್ಪ ಪ್ರತಿದಿನ ಬೆಳಗ್ಗೆ ಅಂಗಡಿ ತೆರೆದ ಕೂಡಲೇ ನಿಮ್ಮ ಸಮಯ ಹೇಳುವ ನಂಬರಿಗೆ ಫೋನ್ ಮಾಡುತ್ತಾರೆ. “ಗಂಟೆ ಬಾರಿಸಿದಾಗ ಸಮಯ ಸರಿಯಾಗಿ ಎಂಟು” ಎನ್ನುತ್ತದೆ ಒಬ್ಬ ಹೆಂಗಸಿನ ದನಿ. ಅಪ್ಪ ಎಡಗೈಯಲ್ಲಿ ರಿಸೀವರ್ ಹಿಡಿದು, ಬಲಗೈಯ ಎರಡು ಬೆರಳಲ್ಲಿ ಲೋಲಕವನ್ನು ತಡೆದು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಟಿಣ್ ಎಂದೊಡನೆ ಬೆರಳು ಬಿಡುತ್ತಾರೆ. “ಆಯ್ತಮ್ಮ, ಬಹಳ ಉಪಕಾರವಾಯ್ತು” ಎಂದು ಹೇಳಿ ರಿಸೀವರ್ ಇಡುತ್ತಾರೆ.

“ಅದು ಮೆಷಿನ್ ಅಪ್ಪಾ” ಎಂದು ನಾನು ಚಿಕ್ಕವಳಾಗಿದ್ದಾಗಲೇ ಹೇಳಿದ್ದೆ. “ಮೆಷಿನ್ ಒಳಗೂ ಯಾರೋ ಒಬ್ರು ಮಾತಾಡಿದ್ದಾರಲ್ಲ ಮಗಳೇ” ಎಂದಿದ್ದರು. ಒಳಗಿನಿಂದ ಅಮ್ಮ, “ಮದುವೆಯಾದಾಗಿಂದ ಹೊತ್ತುಹೊತ್ತಿಗೆ ಕಾಫಿ ಕೊಡ್ತಿದ್ದೀನಿ, ನನಗೊಂದಿನ ಉಪಕಾರ ಅಂದಿಲ್ಲ ಈ ಮನುಷ್ಯ” ಎಂದು ಕೂಗಿದ್ದಳು. ಮಾನ್ಯರೇ, ನಮ್ಮ ಮನೆಯ ಮನರಂಜನೆ ಇಷ್ಟೇ. ಇದಕ್ಕೆ ಇದುವರೆಗೆ ಯಾರೂ ಬಿಲ್ಲು ಹಾಕಿರಲಿಲ್ಲ.

ಎರಡು ತಿಂಗಳ ಹಿಂದೆ ನೀವು ಸಮಯ ಹೇಳುವ ಕೆಲಸವನ್ನು ಯಾರಿಗೋ ಗುತ್ತಿಗೆಗೆ ಕೊಟ್ಟಿರಿ. ಯಾರಿಗೆ ಹೇಳಿ ಕೊಟ್ಟಿರೋ ಗೊತ್ತಿಲ್ಲ, ನಮಗಂತೂ ಒಂದು ಚೀಟಿಯೂ ಬರಲಿಲ್ಲ. ದನಿ ಅದೇ. ಆದರೆ “ಸರಿಯಾಗಿ ಎಂಟು” ಎಂದ ಮೇಲೆ ಕೂದಲೆಣ್ಣೆಯ ಜಾಹೀರಾತು, ಅದು ಮುಗಿದ ಮೇಲೆ ಗಂಟೆ, ಗಂಟೆಯಾದ ಮೇಲೆ “ಲೈನಿನಲ್ಲೇ ಇರಿ, ನಿಮಗಾಗಿ ಇನ್ನೂ ಒಳ್ಳೆಯ ಮಾಹಿತಿ ಇದೆ.” ಅಪ್ಪ ಲೈನಿನಲ್ಲೇ ಇದ್ದರು. “ಇಟ್ಟುಬಿಡಿ ಅಪ್ಪಾ” ಎಂದರೆ, “ಒಬ್ರು ಮಾತಾಡ್ತಿರುವಾಗ ಅರ್ಧಕ್ಕೆ ಇಡೋಕಾಗುತ್ತಾ? ಪಾಪ, ಮುಗಿಸಲಿ” ಎಂದು ಕೈಯಲ್ಲೇ ಸುಮ್ಮನಿರಿಸಿದರು. ಆಕೆ ಮುಗಿಸುವುದೇ ಇಲ್ಲ ಎಂದು ನಿಮಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ನಡುವೆ ಲೈನ್ ಗೊರಗೊರ ಎಂದು ಕಡಿದುಹೋಗುತ್ತಿತ್ತು. ತಾವೇ ಅಗೌರವ ಮಾಡಿದಂತಾಯಿತೆಂದು ಅಪ್ಪ ಮತ್ತೆ ಫೋನ್ ಮಾಡುತ್ತಿದ್ದರು. ಅದೂ ಬಿಲ್ಲಿಗೆ ಬಂದಿದೆ. ಲೈನ್ ಕಡಿಯುವವರು ನೀವು, ಮತ್ತೆ ಕೂಡಿಸಿದ್ದಕ್ಕೆ ದುಡ್ಡು ಕೇಳುವವರೂ ನೀವು. ಒಬ್ಬ ಮನುಷ್ಯನ ಸೌಜನ್ಯಕ್ಕೆ ನಿಮಿಷದ ಲೆಕ್ಕದಲ್ಲಿ ದರ ಕಟ್ಟಿದ ಕಚೇರಿ ಬೇರೆಲ್ಲಾದರೂ ಇದೆಯೇ?

ಕಳೆದ ತಿಂಗಳು ಹನ್ನೆರಡು ದಿನ ಲೈನ್ ಪೂರ್ತಿ ಸತ್ತಿತ್ತು. ನಿಮ್ಮ ಲೈನ್‌ಮನ್ ಬಂದು ಕಂಬ ನೋಡಿ, “ನಮ್ಮ ಕಡೆ ಎಲ್ಲ ಸರಿ ಇದೆ. ತಪ್ಪು ನಿಮ್ಮನೆ ಒಳಗಿದೆ” ಎಂದು ತಂತಿಯನ್ನೊಮ್ಮೆ ಅಲುಗಾಡಿಸಿ ಹೋದರು. ಆ ಹನ್ನೆರಡು ದಿನಗಳಲ್ಲೂ ಐದು ಸಲ ಮನರಂಜನೆ ಪಡೆದಿದ್ದೇವೆಂದು ಬಿಲ್ಲಿನಲ್ಲಿದೆ. ಸತ್ತ ಲೈನಿನಲ್ಲಿ ಮಾತಾಡುವ ವಿದ್ಯೆ ನಮಗೆ ಬರುವುದಿಲ್ಲ.

ದುಡ್ಡಿನ ವಿಷಯ ಮಾತ್ರವಾಗಿದ್ದರೆ ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳುಹಿಸುತ್ತಿರಲಿಲ್ಲ. ಆಸ್ಪತ್ರೆಯ ಹನ್ನೊಂದು ಗಡಿಯಾರಗಳು ಅಪ್ಪನ ಸುಪರ್ದಿಯಲ್ಲಿವೆ. ಮೇಷ್ಟ್ರಿಗೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಂಡು ಹೋಗಿ, ದಿನಕ್ಕೆ ಒಂದರಂತೆ ಸರಿಮಾಡಿ ಬರುತ್ತಾರೆ. ಹೋದ ವಾರ ಅಲ್ಲಿನ ಹಿರಿಯ ನರ್ಸಮ್ಮ ಅಪ್ಪನನ್ನು ನಿಲ್ಲಿಸಿ ಕೇಳಿದರಂತೆ: “ಯಜಮಾನ್ರೇ, ಮಗು ಹುಟ್ಟಿದ್ದು ಎಂಟೂ ಹತ್ತಕ್ಕೆ. ಪಕ್ಕದ ಕೋಣೆಯಲ್ಲಿ ಅದನ್ನ ತೂಕ ಮಾಡಿದ್ದು ಎಂಟೂ ಒಂಬತ್ತಕ್ಕೆ. ಹುಟ್ಟೋಕೆ ಮುಂಚೆನೇ ತೂಕ ಮಾಡಿದ್ವಾ?” ಹನ್ನೊಂದು ಗಡಿಯಾರ, ಹನ್ನೊಂದು ಸಮಯ. ಔಷಧಿ ಕೊಡುವ ಜಾಗದಲ್ಲಿ ಇದು ನಗುವ ವಿಷಯವಲ್ಲ ಎಂದು ನರ್ಸಮ್ಮನೇ ಹೇಳಿದರು. ತಿಂಗಳ ಕೊನೆಗೆ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ.

ಅಪ್ಪ ಮನೆಗೆ ಬಂದವರೇ ಮೇಷ್ಟ್ರ ಲೋಲಕವನ್ನು ಕೈಯಿಂದ ಹಿಡಿದು ನಿಲ್ಲಿಸಿಬಿಟ್ಟರು. “ಕಿವಿ ಮಂದವಾಗಿದೆ. ಬೆರಳೂ ನಿಧಾನವಾಗಿದೆ. ಇನ್ನು ಸಾಕು” ಎಂದರು. ಅಂದಿನಿಂದ ಚಿಮಟ ಮುಟ್ಟಿಲ್ಲ. ಟಿಕ್ ಟಿಕ್ ಇಲ್ಲದ ನಮ್ಮ ಮನೆಯಲ್ಲಿ ಒಂದು ಕಡೆ ಕುಳಿತಿರಲು ನನಗೆ ಆಗುತ್ತಿಲ್ಲ.

ಆದ್ದರಿಂದ ರಿಪೇರಿಗೆ ಬಂದಿದ್ದ ಒಂದು ಸ್ಟಾಪ್‌ವಾಚ್ ತೆಗೆದುಕೊಂಡು ಬೀದಿ ತುದಿಯ ಔಷಧಿ ಅಂಗಡಿಗೆ ಹೋಗಿ, ಅಲ್ಲಿಯ ಫೋನಿನಿಂದ ನಿಮ್ಮ ನಂಬರಿಗೆ ಒಂದರ ಹಿಂದೊಂದು ಎರಡು ಸಲ ಫೋನ್ ಮಾಡಿದೆ. ಮೊದಲ ಸಲ “ಸರಿಯಾಗಿ ಒಂಬತ್ತೂ ಹತ್ತು” ಎಂದ ಮೇಲೆ ಚಿಕ್ಕ ಜಾಹೀರಾತು, ಆಮೇಲೆ ಗಂಟೆ. ಎರಡನೇ ಸಲ “ಸರಿಯಾಗಿ ಒಂಬತ್ತೂ ಹನ್ನೆರಡು” ಎಂದ ಮೇಲೆ ಉದ್ದದ ಜಾಹೀರಾತು, ಆಮೇಲೆ ಗಂಟೆ. ಆ ಎರಡು ಟಿಣ್‌ಗಳ ನಡುವೆ ಎರಡು ನಿಮಿಷ ಇರಬೇಕಿತ್ತು. ಇದ್ದದ್ದು ಮೂರೂಮುಕ್ಕಾಲು. ಜಾಹೀರಾತು ಎಷ್ಟು ಉದ್ದವೋ ಗಂಟೆ ಅಷ್ಟು ತಡ. ದಿನಕ್ಕೊಂದು ಜಾಹೀರಾತು, ದಿನಕ್ಕೊಂದು ಸುಳ್ಳು. ಅಪ್ಪನ ಬೆರಳು ಆ ಸುಳ್ಳನ್ನು ಒಂದು ಕ್ಷಣವೂ ಆಚೀಚೆ ಆಗದಂತೆ ಹನ್ನೊಂದು ಗಡಿಯಾರಗಳಿಗೆ ಮುಟ್ಟಿಸಿತು.

ಓಡಿಬಂದು ಅಪ್ಪನಿಗೆ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. “ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಇಪ್ಪತ್ತೆರಡು ವರ್ಷ ಆಯಮ್ಮ ಒಂದು ಸಲಾನೂ ತಪ್ಪು ಹೇಳಿಲ್ಲ. ಅಷ್ಟು ದೊಡ್ಡ ಆಫೀಸು, ಅವ್ರು ತಪ್ತಾರಾ?” ಎಂದರು.

ಮಾನ್ಯರೇ, ನೀವು ದುಡ್ಡು ಕೇಳುತ್ತಿರುವುದು ನಿಮ್ಮನ್ನು ಇಷ್ಟು ನಂಬಿದ ಮನುಷ್ಯನಿಂದ.

ಬಿಲ್ಲನ್ನು ರದ್ದು ಮಾಡಿ, ಲೈನ್ ಸರಿಮಾಡಿ. ಅದು ಹೇಗೂ ನಿಮ್ಮ ಕೆಲಸ. ಅದಕ್ಕಿಂತ ಮೊದಲು, ತಿಂಗಳು ಮುಗಿಯುವುದರೊಳಗೆ, ನಿಮ್ಮ ಕಚೇರಿಯ ಮೊಹರು ಹಾಕಿದ ಹಾಳೆಯಲ್ಲಿ ನನ್ನ ಅಪ್ಪನಿಗೆ ಎರಡು ಸಾಲು ಬರೆಯಿರಿ: ತಡವಾದದ್ದು ನಮ್ಮ ಗಂಟೆ, ನಿಮ್ಮ ಬೆರಳಲ್ಲ. ಇನ್ನೊಂದು ಪ್ರತಿ ನರ್ಸಮ್ಮನಿಗೆ. ನಾನು ಹೇಳಿದರೆ ಅಪ್ಪ ನಂಬುವುದಿಲ್ಲ, ನೀವು ಹೇಳಿದರೆ ನಂಬುತ್ತಾರೆ. ಫೋನಿನಲ್ಲಿ ತಿಳಿಸುತ್ತೇವೆ ಎನ್ನಬೇಡಿ, ಲೈನಿನ ಗತಿ ನಿಮಗೇ ಗೊತ್ತು. ಯಾರನ್ನಾದರೂ ಕಳುಹಿಸಿ. ಅಂಗಡಿ ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ. ಎಂಟಾಯಿತೇ ಎಂದು ತಿಳಿಯಲು ಮಾತ್ರ, ದಯವಿಟ್ಟು, ನಿಮ್ಮ ನಂಬರಿಗೆ ಫೋನ್ ಮಾಡಬೇಡಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಒಂಬತ್ತು ಗಂಟೆ ನಲವತ್ತು ನಿಮಿಷ ನಲಿದಾಡಿದ ಮನೆಯ,
ಕೌಂಟರಿನಲ್ಲಿ ಬಾಯಿ ಬಾರದೆ ಹಿಂತಿರುಗಿದ ಕಿರಿಮಗಳು